ಏಳು ವಯರು, ಒಂದು ಕಲ್ಲು

ನಮ್ಮ ಪಿಕಪ್ಪಿಗೆ ಅಮೆರಿಕದ ಬ್ರೇಕು ಕೂರಿಸಿದ ಸುದ್ದಿ ಪೆರ್ಲ ಪೇಟೆಗೆ ನನಗಿಂತ ಮೊದಲೇ ತಲುಪಿತ್ತು. ಹೋಟೆಲಿನಲ್ಲಿ ಗೋಳಿಬಜೆಗೆ ಕಾದು ಕುಳಿತಿದ್ದಾಗ ಪಕ್ಕದ ಮೇಜಿನಿಂದ ಒಬ್ಬರು, "ಭಟ್ರೆ, ನಿಮ್ಮ ಗಾಡಿ ಈಗ ಇಂಗ್ಲಿಷಿನಲ್ಲಿ ನಿಲ್ಲುದಂತೆ, ಹೌದಾ?" ಎಂದು ಕೇಳಿದರು. ಹೌದೆನ್ನುವ ಹಾಗಿರಲಿಲ್ಲ, ಅಲ್ಲವೆನ್ನುವ ಹಾಗೂ ಇರಲಿಲ್ಲ. ಅಷ್ಟರಲ್ಲಿ ಗೋಳಿಬಜೆ ಬಂತು, ಬದುಕಿದೆ.

ಇದೆಲ್ಲ ಶುರುವಾದದ್ದು ಟ್ರೈಲರಿನಿಂದ. ಟ್ರೈಲರೆಂದರೆ ಹೆದ್ದಾರಿಯಲ್ಲಿ ಹೋಗುವಂಥದ್ದೇನೂ ಅಲ್ಲ. ಹಳೆಯ ಜೀಪಿನ ಆಕ್ಸಿಲ್, ಅದರ ಮೇಲೆ ನಾಲ್ಕು ಚಾನೆಲ್ ಕಬ್ಬಿಣ, ಅದರ ಮೇಲೆ ಐನೂರು ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿ. ವೆಲ್ಡಿಂಗ್ ಅಂಗಡಿಯಲ್ಲಿ ಎದುರು ನಿಂತು ಮಾಡಿಸಿದ್ದು. ವರ್ಷದಲ್ಲಿ ಹತ್ತು ತಿಂಗಳು ಅದು ದನದ ಕೊಟ್ಟಿಗೆಯ ಪಕ್ಕ ಕೋಳಿಗಳಿಗೆ ಮಲಗಲು ಜಾಗ ಕೊಟ್ಟು ಪುಣ್ಯ ಸಂಪಾದಿಸುತ್ತದೆ. ಮಳೆಗಾಲದ ಬಾಗಿಲಿನಲ್ಲಿ ಮಾತ್ರ ಅದಕ್ಕೆ ಕೆಲಸ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕಾಲವದು. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಟ್ಯಾಂಕಿ ತುಂಬ ಮಾಡಿದರೆ ಐದಕ್ಕೆ ಐದು. ಮೊದಲ ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದು ಮಳೆಯ ಸಂದಿನಲ್ಲಿ ಇನ್ನೊಂದು ಸಲ.

ನಮ್ಮ ಮನೆ ಗುಡ್ಡೆಯ ಮೇಲೆ, ತೋಟ ಕೆಳಗೆ ಗುಂಡಿಯಲ್ಲಿ. ಕಾಸರಗೋಡಿನ ಒಳಭಾಗದಲ್ಲಿ ಹೆಚ್ಚಿನವರದ್ದೂ ಹೀಗೇ. ಮದ್ದು ತಯಾರಾಗುವುದು ಮೇಲೆ, ಬೇಕಾಗುವುದು ಕೆಳಗೆ, ನಡುವೆ ಮುರ ಮಣ್ಣಿನ ಇಳಿಜಾರು. ಅರ್ಧ ಟನ್ನು ಮದ್ದು ಹಿಂದೆ ಕಟ್ಟಿಕೊಂಡು ಇಳಿಯುವಾಗ ಟ್ರೈಲರು ಪಿಕಪ್ಪಿನ ಬೆನ್ನಿಗೆ ಕೈಯಿಟ್ಟು, 'ಹೋಗು ಮಾರಾಯ, ಎಂತ ನಿಲ್ಲುದು?' ಎಂದು ನೂಕುತ್ತದೆ. ನಾನು ಬ್ರೇಕ್ ಒತ್ತಿದಷ್ಟೂ ಅದರ ನೂಕು ಜಾಸ್ತಿ. ಇದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ ಕಲ್ಲು. ಕೆಲಸಕ್ಕಿರುವ ಬಂಗಾಳದ ಹುಡುಗ ಟ್ರೈಲರಿನ ಪಕ್ಕ ಕಲ್ಲು ಹಿಡಿದುಕೊಂಡು ನಡೆದು ಬರುತ್ತಾನೆ. ನಾನು ಹಾರ್ನ್ ಹೊಡೆದ ಕೂಡಲೇ ಅದನ್ನು ಚಕ್ರದ ಎದುರು ಎಸೆದು ಹಿಂದಕ್ಕೆ ಹಾರುತ್ತಾನೆ. ಮುರಕಲ್ಲಾದರೆ ಎರಡೇ ಸಲಕ್ಕೆ ಪುಡಿ. ಹಾಗಾಗಿ ಅವನಿಗೆ ಅಂಗಳದ ಆಚೀಚೆ ಎಲ್ಲಿ ಗಟ್ಟಿ ಕಲ್ಲು ಕಂಡರೂ ಕಣ್ಣು. ಹಾಕಿದ ಕಲ್ಲನ್ನು ಮಾತ್ರ ಅಲ್ಲೇ ಬಿಟ್ಟು ಬರುತ್ತಾನೆ. ಮರುದಿನ ಹೊಸ ಕಲ್ಲು.

1916ರಲ್ಲಿ ತೆಂಗಿಗಾಗಿ ಶುರುವಾದ ಸಂಶೋಧನಾ ಕೇಂದ್ರ, ಈಗಿನ ಸಿ.ಪಿ.ಸಿ.ಆರ್.ಐ., ನಮ್ಮ ಜಿಲ್ಲೆಯಲ್ಲೇ ಉಂಟು. ಅಡಿಕೆಗೆ ಯಾವ ರೋಗ ಬಂದರೂ ಹೋಗಿ ಕೇಳಬಹುದು. ಆದರೆ ಮದ್ದು ಹೊತ್ತ ಟ್ರೈಲರನ್ನು ನಿಲ್ಲಿಸುವುದು ಹೇಗೆಂದು ಅಲ್ಲಿಗೆ ಹೋಗಿ ಕೇಳುವ ಧೈರ್ಯ ನನಗಿಲ್ಲ.

ಕೇಳದೆಯೇ ಹೇಳಿದವನು ಟೆಕ್ಸಾಸಿನಲ್ಲಿರುವ ನನ್ನ ತಂಗಿಯ ಮಗ. ರಜೆಗೆ ಬಂದವನು ಒಂದು ದಿನ ಉಮೇದಿನಲ್ಲಿ ನನ್ನ ಪಕ್ಕ ಕೂತು ತೋಟಕ್ಕೆ ಇಳಿದ. ಅರ್ಧ ದಾರಿಯಲ್ಲಿ ಹ್ಯಾಂಡಲ್ ಹಿಡಿದುಕೊಂಡ, ಮುಕ್ಕಾಲು ದಾರಿಯಲ್ಲಿ ಕಣ್ಣು ಮುಚ್ಚಿದ, ಕೆಳಗೆ ಮುಟ್ಟಿದ ಮೇಲೆ, "ಮಾವಾ, ಇದು ಒಂದು ದಿನ ಪಿಸ್ಕತ್ತಿಯ ಹಾಗೆ ಮಡಚಿ ಹೋಗ್ತದೆ" ಎಂದ. ಅವನಲ್ಲಿ ದೋಣಿ ಎಳೆಯಲು ಒಂದು ಪಿಕಪ್ ಉಂಟಂತೆ. ಅಲ್ಲಿಯ ಪಿಕಪ್ಪೆಂದರೆ ಅದರೊಳಗೆ ನಮ್ಮ ಪಿಕಪ್ಪನ್ನು ಬೆಚ್ಚಗೆ ಮಲಗಿಸಬಹುದು. ಅಲ್ಲಿ ಹಲವು ರಾಜ್ಯಗಳಲ್ಲಿ ಟ್ರೈಲರಿನ ತೂಕ 3,000 ಪೌಂಡು, ಎಂದರೆ ಸುಮಾರು 1,360 ಕಿಲೊ ದಾಟಿದರೆ ಅದಕ್ಕೆ ಸ್ವಂತ ಬ್ರೇಕು ಇರಲೇಬೇಕೆಂದು ಕಾನೂನಂತೆ. ಗಾಡಿಯ ಬ್ರೇಕು ಗಾಡಿಗೆ, ಟ್ರೈಲರಿನದ್ದು ಟ್ರೈಲರಿಗೆ. ಎರಡನ್ನೂ ಒಟ್ಟಿಗೆ ಒತ್ತಿಸಲು ಡ್ಯಾಶಿನ ಅಡಿಯಲ್ಲಿ ಒಂದು ಡಬ್ಬಿ. "ನಾನು ಕಳಿಸಿ ಕೊಡ್ತೇನೆ ಮಾವ" ಎಂದ. ಇಂಥ ಮಾತನ್ನು ನಾವು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಮುಂದಿನ ವರ್ಷ ಯಾರದೋ ಪೆಟ್ಟಿಗೆಯಲ್ಲಿ ಬಾದಾಮಿ, ಚಾಕಲೇಟುಗಳ ನಡುವೆ ಡಬ್ಬಿ ಬಂದೇ ಬಂತು. ಜೊತೆಗೆ ಹೆಬ್ಬಾವಿನಂತೆ ಸುತ್ತಿಟ್ಟ ವಯರಿನ ಕಟ್ಟು, ಹಿಂದೆ ಬಂಪರಿಗೆ ಕೂರಿಸುವ ಏಳು ಪಿನ್ನಿನ ಸಾಕೆಟ್ಟು, ಟ್ರೈಲರಿನ ಕಡೆಯ ಪ್ಲಗ್ಗು.

ಅವನು ತನ್ನ ಗಾಡಿಗೆ ಅಂಥದ್ದನ್ನೇ ಜೋಡಿಸುವ ವೀಡಿಯೋವನ್ನೂ ಕಳಿಸಿದ್ದ. ಡ್ಯಾಶಿನ ಅಡಿಗೆ ಕೈ ಹಾಕಿದ, ಗಾಡಿ ಮಾಡಿದವರೇ ಬಿಟ್ಟಿದ್ದ ಕನೆಕ್ಟರನ್ನು ಎಳೆದ, ಟಕ್ಕೆಂದು ಒತ್ತಿದ, ಎರಡು ಸ್ಕ್ರೂ ಬಿಗಿದು ಡಬ್ಬಿ ಕೂರಿಸಿದ, ಕಾಫಿ ಕುಡಿದ. ಒಟ್ಟು ಹದಿನೈದು ನಿಮಿಷ, ಕಾಫಿ ಸೇರಿ. ಅದನ್ನು ನೋಡಿದ ನಾನು ಇದು ಬೆಳಗ್ಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವಿನ ಕೆಲಸ ಎಂದುಕೊಂಡೆ. ಯಾವ ದಿನದ ತಿಂಡಿ, ಯಾವ ದಿನದ ಊಟ ಎಂದು ಆಗ ಯೋಚಿಸಲಿಲ್ಲ.

ಪಂಪಣ್ಣನನ್ನು ಕರೆಸಿದೆ. ಅವನ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಇರಬಹುದು. ಊರಿನ ಎಲ್ಲ ಪಂಪುಗಳ ಹೆರಿಗೆ, ಬಾಣಂತನ, ಶ್ರಾದ್ಧ ಮಾಡಿಸುವವನು ಅವನೇ. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ. ತೆಂಗಿನಕಾಯಿಗೂ ಅವನು ಹಾಗೇ ಮಾಡುವುದು. ಪುಸ್ತಕ ಬಿಡಿಸಿದ. ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್. ಮೂರೇ ಭಾಷೆ. ಕಾಸರಗೋಡಿನವರಿಗೆ ಇದು ಸ್ವಲ್ಪ ಕಡಿಮೆಯೇ ಆಯಿತು. ಚಿತ್ರಗಳನ್ನು ನೋಡಿಕೊಂಡು ಸೀಟಿನ ಕೆಳಗೆ ತಲೆ ತೂರಿಸಿ ಮಲಗಿದ. ಕಾಲು ಬಾಗಿಲಿನಿಂದ ಹೊರಗೆ. ಕಾಲು ಗಂಟೆಯ ನಂತರ ಒಳಗಿನಿಂದ ಸ್ವರ ಬಂತು: "ಅಣ್ಣೇರೆ, ಈ ಗಾಡಿಯ ಬ್ರೇಕ್ ಪೆಡಲು ಯಾರೋ ತೆಗೆದುಕೊಂಡು ಹೋಗಿದ್ದಾರೆ."

ಅಮೆರಿಕದ ಗಾಡಿಯಲ್ಲಿ ಸ್ಟೇರಿಂಗು ಎಡಗಡೆ. ಚಿತ್ರವೂ ಹಾಗೇ. ಅವನು ಚಿತ್ರ ಹೇಳಿದ ಜಾಗದಲ್ಲಿ, ಎಂದರೆ ನನ್ನ ಹೆಂಡತಿ ಕುಳಿತುಕೊಳ್ಳುವ ಕಡೆಯಲ್ಲಿ ಪೆಡಲು ಹುಡುಕುತ್ತಿದ್ದ. ಅವಳು ಆ ಸೀಟಿನಲ್ಲಿ ಕೂತು ಇಪ್ಪತ್ತು ವರ್ಷಗಳಿಂದ ಕಾಲಿನಲ್ಲಿ ಬ್ರೇಕ್ ಒತ್ತುತ್ತಾ ಬಂದಿದ್ದಾಳೆ ನಿಜ, ಆದರೆ ಅದಕ್ಕೆ ಕನೆಕ್ಷನ್ ಇಲ್ಲ. ಕೊನೆಗೆ ಪಂಪಣ್ಣ ಗಾಡಿಯ ಹಿಂದೆ ನೋಡುವ ಕನ್ನಡಿ ಕಳಚಿ, ಅದರಲ್ಲಿ ಪುಸ್ತಕದ ಚಿತ್ರ ನೋಡಿಕೊಂಡು ಕೆಲಸ ಮುಂದುವರಿಸಿದ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಆಗ.

ಡ್ಯಾಶಿನ ಕೆಳಗಿನ ಮುಚ್ಚಳ ತೆಗೆದಾಗ ಒಳಗಿದ್ದದ್ದು ವಯರಿಗಿಂತ ಹೆಚ್ಚು ಸಂಸಾರ. ಅಡಿಕೆ ಸಿಪ್ಪೆಯ ನಾರು, ಕಾಲಂಡರಿನ ಚೂರು, ನನ್ನ ಕಳೆದುಹೋದ ಸುಣ್ಣದ ಡಬ್ಬಿಯ ಮುಚ್ಚಳ, ಇವುಗಳನ್ನೆಲ್ಲ ಹದವಾಗಿ ಹಾಸಿ ಇಲಿಯೊಂದು ಬಾಣಂತಿ ಕೋಣೆ ಕಟ್ಟಿತ್ತು. ಬ್ರೇಕ್ ಲೈಟಿನ ಸ್ವಿಚ್ಚಿಗೆ ಹೋಗುವ ವಯರಿನ ಮೇಲುಸಿಪ್ಪೆಯನ್ನು ಅದು ಮೊದಲೇ ಅರ್ಧ ಇಂಚು ಸುಲಿದಿಟ್ಟಿತ್ತು, ಸರಿಯಾಗಿ ನಾವು ಜೋಡಿಸಬೇಕಾದ ಜಾಗದಲ್ಲಿ. ಇಡೀ ಕೆಲಸದಲ್ಲಿ ತಪ್ಪಿಲ್ಲದೆ ಆದದ್ದು ಇಲಿ ಮಾಡಿದ ಅಷ್ಟು ಭಾಗ ಮಾತ್ರ.

ಡಬ್ಬಿಗೆ ನಾಲ್ಕು ವಯರು. ಕಪ್ಪು ಬ್ಯಾಟರಿಗೆ, ಬಿಳಿ ಅರ್ತಿಂಗಿಗೆ, ಕೆಂಪು ಬ್ರೇಕ್ ಲೈಟಿನ ಸ್ವಿಚ್ಚಿಗೆ, ನೀಲಿ ಹಿಂದೆ ಟ್ರೈಲರಿನ ಬ್ರೇಕಿಗೆ. ನಾನು ಪೆಡಲು ಒತ್ತಿದ ಸುದ್ದಿ ಕೆಂಪಿನಲ್ಲಿ ಡಬ್ಬಿಗೆ ಬರುತ್ತದೆ. ಎಷ್ಟು ಜೋರಾಗಿ ಗಾಡಿ ನಿಲ್ಲುತ್ತಿದೆಯೆಂದು ಡಬ್ಬಿ ತನ್ನೊಳಗೇ ಅಳೆದು, ಅದಕ್ಕೆ ತಕ್ಕಷ್ಟು ಕರೆಂಟನ್ನು ನೀಲಿಯಲ್ಲಿ ಕಳಿಸುತ್ತದೆ. ಇಷ್ಟು ಪುಸ್ತಕದಿಂದ ನನಗೆ ತಿಳಿಯಿತು. ತಿಳಿದದ್ದನ್ನು ಪಂಪಣ್ಣನಿಗೆ ಹೇಳಬೇಕಿತ್ತು. "ಕಪ್ಪು ಬ್ಯಾಟರಿಗೆ" ಎನ್ನುವಷ್ಟರಲ್ಲಿ ಅವನು ಕೈಯೆತ್ತಿ ತಡೆದ. "ಅಣ್ಣೇರೆ, ಗಾಡಿಯಲ್ಲಿ ಕಪ್ಪು ಅಂದ್ರೆ ಬಾಡಿ. ಮನೆಯಲ್ಲಿ ಕಪ್ಪು ಅಂದ್ರೆ ನ್ಯೂಟ್ರಲ್. ನಾನು ಹುಟ್ಟುವ ಮೊದಲಿಂದ ಹಾಗೇ."

ಇದು ನನ್ನ ಕೈ ಮೀರಿದ ವಿಷಯವೆಂದು ಎರಡನೆಯ ದಿನ ಬದಿಯಡ್ಕದಿಂದ ಗಾಡಿ ವಯರಿಂಗಿನ ಇಕ್ಕನನ್ನು ಕರೆತಂದೆ. ಅವರು ಮಲಯಾಳ. ಪಂಪಣ್ಣ ತುಳು. ಹುಡುಗ ಬಂಗಾಳಿ, ಕೂಲಿಯ ಲೆಕ್ಕ ಮಾತಾಡುವಾಗ ಹಿಂದಿ. ನಾನು ಕನ್ನಡ. ಒಳಗಿನಿಂದ ಹೆಂಡತಿ ಹವ್ಯಕ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎನ್ನುತ್ತಾರೆ. ಯಾವ ಏಳು ಎಂದು ಕೇಳಿದರೆ ಐದರವರೆಗೆ ಎಲ್ಲರ ಪಟ್ಟಿಯೂ ಒಂದೇ, ಆಮೇಲೆ ಒಬ್ಬೊಬ್ಬರದ್ದು ಒಂದೊಂದು. ನಮ್ಮ ಅಂಗಳದಲ್ಲಿ ಆ ದಿನ ಏಳು ಪಿನ್ನಿನ ಸಾಕೆಟ್ಟಿಗೆ ಆರು ಭಾಷೆ ಸೇರಿದ್ದವು. ಏಳನೆಯದ್ದು ಪುಸ್ತಕದ ಇಂಗ್ಲಿಷು.

ಇಕ್ಕ ಡ್ಯಾಶಿನ ಅಡಿಗೆ ಹೋದರು, ಪಂಪಣ್ಣ ಹಿಂದೆ ಬಂಪರಿನ ಅಡಿಗೆ. ಇಕ್ಕನ ಕೈ ಮಾತ್ರ ಹೊರಗೆ ಕಾಣುತ್ತಿತ್ತು. ಬೆರಳು ಆಡಿಸುತ್ತಾ "ವೆಳ್ಳ, ವೆಳ್ಳ" ಎಂದರು. ಹುಡುಗ ಓಡಿಹೋಗಿ ನನ್ನ ಹೆಂಡತಿಗೆ ಹೇಳಿದ, ಅವಳು ಚೊಂಬಿನಲ್ಲಿ ನೀರು, ಪಕ್ಕದಲ್ಲಿ ಬೆಲ್ಲದ ಚೂರು ಇಟ್ಟು ಕಳಿಸಿದಳು. ಇಕ್ಕನ ಕೈಗೆ ಚೊಂಬು ಬಂತು. ಸ್ವಲ್ಪ ಹೊತ್ತು ಆ ಕೈ ಹಾಗೇ ನಿಂತಿತು. ಮಲಯಾಳದಲ್ಲಿ ವೆಳ್ಳ ಎಂದರೆ ಬಿಳಿ, ವೆಳ್ಳಂ ಎಂದರೆ ನೀರು. ಅವರು ಕೇಳಿದ್ದು ಬಿಳಿ ವಯರು. ಆದರೂ ಮರ್ಯಾದಸ್ತರು. ಮಲಗಿದಲ್ಲೇ ಬೆಲ್ಲ ತಿಂದು, ನೀರು ಕುಡಿದು, ಅರ್ಧ ನೀರು ಮೂಗಿಗೆ ಹೋಗಿ ಕೆಮ್ಮಿ, ಆಮೇಲೆ ಇನ್ನೊಮ್ಮೆ "ವೆಳ್ಳ" ಎಂದರು. ಹುಡುಗ ಎರಡನೆಯ ಚೊಂಬಿಗೆ ಓಡುವವನಿದ್ದ. ನಾನು ಹಿಡಿದು ನಿಲ್ಲಿಸಿದೆ.

ಚೊಂಬು ವಾಪಸು ಕೊಂಡುಹೋಗಲು ಬಂದ ಹೆಂಡತಿ ಗಾಡಿಯ ಕಡೆ ನೋಡಲೂ ಇಲ್ಲ. "ಉಪ್ಪುಸೊಳೆಯ ಭರಣಿಯ ಮೇಲೆ ಇಡುವ ಕಲ್ಲು ಎಲ್ಲಿ? ಯಾರಾದರೂ ನೋಡಿದಿರಾ?" ಎಂದು ಕೇಳಿದಳು. ಯಾರೂ ನೋಡಿರಲಿಲ್ಲ. ಅತ್ತೆಯ ಕಾಲದ ಚಪ್ಪಟೆ ಹೊಳೆಕಲ್ಲು ಅದು. ಅದನ್ನು ಇಡದಿದ್ದರೆ ಹಲಸಿನ ಸೊಳೆ ಉಪ್ಪುನೀರಿನ ಮೇಲೆ ತೇಲುತ್ತದೆ, ತೇಲಿದರೆ ಹಾಳಾಗುತ್ತದೆ, ಹಾಳಾದರೆ ಆಟಿ ತಿಂಗಳಲ್ಲಿ ಪಲ್ಯಕ್ಕೆ ಏನು ಮಾಡುವುದು ಎಂಬಷ್ಟನ್ನು ಅವಳು ಹೇಳಿ ಹೋದಳು. ನಾಲ್ಕು ಗಂಡಸರು ವಯರು ನೋಡುತ್ತಾ ನಿಂತೆವು.

ಈಗ ಕಪ್ಪು ವಯರಿನ ವಿಷಯ. ಇಕ್ಕ ಪುಸ್ತಕ ನೋಡಿ ಮಾಡುವವರು. ಕಪ್ಪು ಬ್ಯಾಟರಿಗೆ ಎಂದಿತ್ತು, ನಡುವೆ ಕಿಟ್ಟಿನಲ್ಲಿ ಬಂದ ಸಣ್ಣ ಬ್ರೇಕರ್ ಕೊಟ್ಟು ಬ್ಯಾಟರಿಗೇ ತಂದರು. ಅದೇ ಕಪ್ಪು ವಯರಿನ ಇನ್ನೊಂದು ಕವಲು ಹಿಂದಿನ ಸಾಕೆಟ್ಟಿನವರೆಗೆ ಹೋಗುತ್ತದೆ. ಅಲ್ಲಿ ಕುಳಿತಿದ್ದ ಪಂಪಣ್ಣ ಹುಟ್ಟುವ ಮೊದಲಿನ ನಂಬಿಕೆಗೆ ಸರಿಯಾಗಿ ಅದನ್ನು ಚಾಸಿಗೆ ಬೋಲ್ಟು ಹಾಕಿ ಬಿಗಿದಿದ್ದ. ಒಂದೇ ವಯರಿನ ಎರಡು ತುದಿಯಲ್ಲಿ ಇಬ್ಬರು. ಇವರಿಗೆ ತುಳು ಬರುತ್ತದೆ, ಅವನಿಗೆ ಮಲಯಾಳ ಬರುತ್ತದೆ. ಇಬ್ಬರೂ ಮಾತಾಡಿಕೊಳ್ಳಲಿಲ್ಲ. 1956ರ ನವೆಂಬರ್ 1ಕ್ಕೆ ನಮ್ಮ ಇಡೀ ತಾಲೂಕಿನ ಕನೆಕ್ಷನ್ನನ್ನು ದಕ್ಷಿಣ ಕನ್ನಡದಿಂದ ಬಿಚ್ಚಿ ಕೇರಳಕ್ಕೆ ಕೊಟ್ಟಾಗಲೂ ಹೀಗೇ ಆಗಿರಬೇಕೆಂದು ನನ್ನ ಗುಮಾನಿ.

ಇಕ್ಕ ಬ್ಯಾಟರಿಯ ನಟ್ಟು ಬಿಗಿದರು. ಟಕ್.

ಈ ಬ್ರೇಕರಿನ ಗುಣವೆಂದರೆ ಅದು ಫ್ಯೂಸಿನ ಹಾಗೆ ಒಂದೇ ಸಲಕ್ಕೆ ಪ್ರಾಣ ಬಿಡುವುದಿಲ್ಲ. ಬಿಸಿಯಾದರೆ ತನ್ನಷ್ಟಕ್ಕೆ ಬಿಟ್ಟುಕೊಳ್ಳುತ್ತದೆ, ತಣಿದ ಮೇಲೆ ತನ್ನಷ್ಟಕ್ಕೆ ಮತ್ತೆ ಹಿಡಿಯುತ್ತದೆ. ಟಕ್. ಸ್ವಲ್ಪ ಹೊತ್ತು ಮೌನ. ಟಕ್. ಹುಡುಗ ಗಾಡಿಯ ಪಕ್ಕದಲ್ಲಿದ್ದವನು ವಯರಿನ ಕಟ್ಟಿನಿಂದ ಹೊಗೆಯ ಎಳೆ ಏಳುವುದನ್ನು ಕಂಡು "ದಾದಾ!" ಎಂದು ಕೂಗಿದ. ಬಂಗಾಳಿಯಲ್ಲಿ ದಾದಾ ಎಂದರೆ ಅಣ್ಣ. ತುಳುವಿನಲ್ಲಿ ದಾದ ಎಂದರೆ ಏನು. ಬಂಪರಿನ ಅಡಿಯಿಂದ ಪಂಪಣ್ಣ, "ದಾದ?" ಎಂದ. ಅಣ್ಣಾ ಎಂದದ್ದಕ್ಕೆ ಅಣ್ಣಾ ಎಂದೇ ಉತ್ತರ ಬಂದದ್ದು ಕೇಳಿ ಹುಡುಗ ಇನ್ನೂ ಗಾಬರಿಯಾಗಿ "ದಾದಾ! ದಾದಾ!" ಎಂದ. "ದಾದ ಮಾರಾಯಾ?" ಟಕ್. "ದಾದಾ!" "ದಾದಾಂದ್ ಪಣ್!" ಏನೆಂದು ಹೇಳು ಎಂದು ಅವನು, ಹೇಳುತ್ತಲೇ ಇದ್ದೇನಲ್ಲ ಎಂದು ಇವನು. ಮೂರನೆಯ ಟಕ್ಕಿಗೆ ಸುಟ್ಟ ಪ್ಲಾಸ್ಟಿಕಿನ ವಾಸನೆ ಜಗಲಿಯವರೆಗೆ ಬಂತು. ಹೆಂಡತಿ ಒಳಗಿನಿಂದ, ಒಲೆಯ ಮೇಲೆ ಏನಿಟ್ಟಿದ್ದೇನೆಂದು ನೋಡಲು ಓಡಿದಳು. ನಾನು ಬ್ಯಾಟರಿಯ ವಯರು ಕಿತ್ತೆ. ಇಷ್ಟು ವರ್ಷದಲ್ಲಿ ಆ ನಟ್ಟು ಸಡಿಲವಾಗಿಯೇ ಉಳಿದದ್ದರಿಂದ ಉಪಕಾರವಾದದ್ದು ಅದೊಂದೇ ದಿನ.

ಪಂಪಣ್ಣ ಹೊರಗೆ ಬಂದು ಸುಟ್ಟ ಕಪ್ಪು ವಯರನ್ನು ಮೂಸಿ, "ಈಗ ಪೂರ್ತಿ ಕಪ್ಪಾಯಿತು" ಎಂದ.

ಮೂರನೆಯ ದಿನ ಲೈಟು. ಬ್ರೇಕಿನ ಜೊತೆಗೆ ಟ್ರೈಲರಿಗೆ ಹಿಂದಿನ ಲೈಟೂ ಆಗಿಬಿಡಲಿ ಎಂದು ರಿಕ್ಷಾಕ್ಕೆ ಹಾಕುವಂಥ ಎರಡು ಲೈಟು ತಂದು ಕೂರಿಸಿದ್ದೆ. ಪಂಪಣ್ಣನ ಮಗ ಮೊಬೈಲಿನಲ್ಲಿ ಬಣ್ಣಗಳ ಪಟ್ಟಿ ಹುಡುಕಿ ಕೊಟ್ಟ. ಅದರ ಪ್ರಕಾರ ಹಸಿರು ಹಿಂದಿನ ಲೈಟಿಗೆ, ಕಂದು ಬಲಗಡೆಯ ಇಂಡಿಕೇಟರಿಗೆ. ಹಾಗೇ ಕೊಟ್ಟರು. ಬಲಕ್ಕೆ ಇಂಡಿಕೇಟರ್ ಹಾಕಿದರೆ ಹಿಂದಿನ ಎರಡೂ ಕೆಂಪು ಲೈಟು ಕಣ್ಣು ಮಿಟುಕಿಸಿದವು. ಹೆಡ್‌ಲೈಟ್ ಹಾಕಿದರೆ ಬಲ ಇಂಡಿಕೇಟರ್ ಉರಿಯಿತು. ಆಮೇಲೆ ತಿಳಿದದ್ದೆಂದರೆ, ಏಳು ಪಿನ್ನಿನ ವಿಷಯದಲ್ಲಿ ಅಮೆರಿಕದಲ್ಲೂ ಎರಡು ಪಂಗಡ. ಮನೆಯಂಥ ಟ್ರೈಲರಿನವರ ಪಟ್ಟಿಯಲ್ಲಿ ಹಸಿರೆಂದರೆ ಹಿಂದಿನ ಲೈಟು, ಕಂದೆಂದರೆ ಬಲ. ಇನ್ನೊಂದು ಪಂಗಡದವರಿಗೆ ಕಂದು ಹಿಂದಿನ ಲೈಟು, ಹಸಿರು ಬಲ. ವಯರು ಬಂದದ್ದು ಒಂದು ಪಂಗಡದ್ದು, ಪಟ್ಟಿ ಬಂದದ್ದು ಇನ್ನೊಂದರದ್ದು. ನನಗೆ ಒಂಥರಾ ಸಮಾಧಾನವಾಯಿತು. ಅಷ್ಟು ದೊಡ್ಡ ದೇಶದಲ್ಲೂ ನಮ್ಮ ದೇವಸ್ಥಾನದ ಸಮಿತಿಯಂಥದ್ದೇ ನಡೆಯುತ್ತದಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಬ್ರೇಕ್ ಲೈಟಿಗೆ ಏಳರಲ್ಲಿ ಪಿನ್ನೇ ಇಲ್ಲ! ನಾನು ಮೂರು ಸಲ ಎಣಿಸಿದೆ. ಅಲ್ಲಿಯ ಟ್ರೈಲರುಗಳಲ್ಲಿ ಬ್ರೇಕಿಗೂ ತಿರುವಿಗೂ ಒಂದೇ ಕೆಂಪು ಬಲ್ಬಂತೆ, ಎಡಬಲದ ವಯರಿನಲ್ಲೇ ಎರಡೂ ಸುದ್ದಿ ಹೋಗುತ್ತದೆ. ನಮ್ಮಲ್ಲಿ ಬ್ರೇಕಿಗೆ ಕೆಂಪು ಬೇರೆ, ತಿರುವಿಗೆ ಹಳದಿ ಬೇರೆ. ಇಕ್ಕ ಗಡ್ಡ ಕೆರೆದುಕೊಂಡು ಯೋಚಿಸಿ, ರಿವರ್ಸ್ ಲೈಟಿನ ನೇರಳೆ ವಯರು ಖಾಲಿ ಇದೆಯಲ್ಲ, ಅದನ್ನೇ ಬ್ರೇಕ್ ಲೈಟಿಗೆ ಕೊಡುವ ಎಂದರು. ಹಿಂದಕ್ಕೆ ಹೋಗಲು ಇಟ್ಟದ್ದನ್ನು ನಿಲ್ಲುವುದಕ್ಕೆ ಬಳಸಿದೆವು. ನನಗೇನೂ ಆಕ್ಷೇಪವಿರಲಿಲ್ಲ, ಊಟಕ್ಕೆ ಹೊತ್ತಾಗಿತ್ತು.

ಊಟದ ನಂತರ ನೋಡಿದರೆ ಎಡ ಇಂಡಿಕೇಟರ್ ಹಾಕಿದಾಗ ಟ್ರೈಲರಿನ ಎಲ್ಲ ಲೈಟೂ ಒಟ್ಟಿಗೆ ಮಂಕಾಗಿ ಹತ್ತಿ ಆರುತ್ತಿದ್ದವು, ಭಜನಾ ಮಂದಿರದ ವಾರ್ಷಿಕೋತ್ಸವದ ಹಾಗೆ. ಇದು ಮಾತ್ರ ಪಂಪಣ್ಣನಿಗೆ ಕೂಡಲೇ ಗೊತ್ತಾಯಿತು. ಅರ್ತಿಂಗ್ ಹಿಡಿದಿಲ್ಲ. ಬಿಳಿ ವಯರನ್ನು ಅವನು ಟ್ರೈಲರಿನ ತುಕ್ಕಿನ ಮೇಲೆಯೇ ಬಿಗಿದಿದ್ದ. ವಾಪಸು ಹೋಗಲು ದಾರಿ ಸಿಗದ ಕರೆಂಟು ಉಳಿದ ಬಲ್ಬುಗಳ ಮನೆಯೊಳಗೆಲ್ಲ ನುಗ್ಗಿ ದಾರಿ ಹುಡುಕುತ್ತಿತ್ತು. ಮದ್ದಿಗೆ ಸುಣ್ಣ ಸಾಕಾಗಿದೆಯಾ ಎಂದು ನೋಡಲು ಅದ್ದುವ ಕತ್ತಿಯಲ್ಲೇ ತುಕ್ಕು ಕೆರೆದು ಬಿಗಿದ ಮೇಲೆ ಎಲ್ಲವೂ ಅವರವರ ಪಾಡಿಗೆ ಉರಿದವು. ಎಡ ಎಡಕ್ಕೆ, ಬಲ ಬಲಕ್ಕೆ. ಹುಡುಗ ಚಪ್ಪಾಳೆ ತಟ್ಟಿದ. ಕೋಳಿಗಳಿಗೆ ಮಾತ್ರ ಇಷ್ಟವಾಗಲಿಲ್ಲ. ಮಲಗುವ ಜಾಗದಲ್ಲಿ ದೀಪ ಯಾರಿಗೆ ಬೇಕು?

ಉಳಿದದ್ದು ಡಬ್ಬಿ. ಟ್ರೈಲರಿನ ಪ್ಲಗ್ಗನ್ನು ಸಾಕೆಟ್ಟಿಗೆ ಕೊಟ್ಟು ಕೀ ತಿರುಗಿಸಿದೆ. ಡಬ್ಬಿಯ ಸಣ್ಣ ಕಿಟಕಿಯಲ್ಲಿ ಎರಡು ಅಕ್ಷರ ಮೂಡಿತು: ಎನ್, ಸಿ.

ಪಂಪಣ್ಣನ ಮುಖ ಅರಳಿತು. ಜೀವಮಾನವಿಡೀ ಪಂಪಿನ ಸ್ಟಾರ್ಟರುಗಳಲ್ಲಿ ಅವನು ಓದಿದ ಅಕ್ಷರಗಳು ಅವು. "ನಾರ್ಮಲಿ ಕ್ಲೋಸ್ಡ್! ನಾರ್ಮಲ್ ಉಂಟು ಅಂತ ಅದೇ ಹೇಳ್ತದೆ, ಇನ್ನೆಂತ ಬೇಕು ನಿಮಗೆ?" ಇಕ್ಕನೂ "ಶರಿ" ಎಂದರು. ಅವರಿಗೆ ಕೂಲಿ ಕೊಟ್ಟು ಕಳಿಸಿದೆ. ಮರುದಿನ ಮಧೂರಿಗೆ ಹೋಗಿ ಗಣಪತಿಗೆ ಕೈಮುಗಿದು, ಅಪ್ಪ ಪ್ರಸಾದ ತಂದು ಡ್ಯಾಶಿನ ಮೇಲಿಟ್ಟು, ಐದು ಕಿಲೊ ಮೈಲುತುತ್ತಿನ ಮದ್ದು ತುಂಬಿಸಿ, ಹುಡುಗನಿಗೆ ಇವತ್ತು ಕಲ್ಲು ಬೇಡವೆಂದು ಹೇಳಿ ಇಳಿಜಾರಿಗೆ ಇಳಿದೆ. ಹುಡುಗ ನನ್ನ ಮಾತು ನಂಬದೆ ಕಲ್ಲು ಹಿಡಿದುಕೊಂಡೇ ಬಂದ. ಅವನ ಆ ಅವಿಶ್ವಾಸಕ್ಕೆ ನಾನು ಋಣಿ. ಹಲಸಿನ ಮರದ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಟ್ರೈಲರು ಎಂದಿನಂತೆ ಬೆನ್ನಿಗೆ ಕೈಯಿಟ್ಟು ನೂಕಿತು. ಡಬ್ಬಿ ತಣ್ಣಗೆ ಎನ್ ಸಿ ಎಂದಿತು. ನಾನು ಹಾರ್ನಿನ ಮೇಲೆ ಕುಳಿತುಬಿಟ್ಟೆ ಎನ್ನಬೇಕು. ಕಲ್ಲು ಬಿತ್ತು, ಗಾಡಿ ನಿಂತಿತು. ಅಪ್ಪ ಪ್ರಸಾದ ಜಾರಿ ಡಬ್ಬಿಯ ಮೇಲೆ ಬಂದು ಕುಳಿತಿತು.

ಆ ರಾತ್ರಿ ಅಳಿಯನಿಗೆ ವೀಡಿಯೋ ಕಾಲ್ ಮಾಡಿದೆ. ಪಂಪಣ್ಣನೂ ಬಂದಿದ್ದ. ಮೊಬೈಲನ್ನು ಡಬ್ಬಿಗೆ ತೋರಿಸಿದೆ.

"ಎನ್ ಸಿ ಅಂದ್ರೆ ನಾಟ್ ಕನೆಕ್ಟೆಡ್ ಮಾವ. ಟ್ರೈಲರಿನ ಬ್ರೇಕು ಅದಕ್ಕೆ ಸಿಗ್ತಾ ಇಲ್ಲ. ನೀಲಿ ವಯರು ಎಲ್ಲಿಗೆ ಕೊಟ್ಟಿದ್ದೀರಿ?"

ಪಂಪಣ್ಣ ಹೇಳಿದ: "ಅದು ಹೆಚ್ಚಾಯಿತು. ಹಾಗೇ ಬಿಟ್ಟಿದ್ದೇನೆ, ಎರಡು ಮೊಳ ನೇತಾಡ್ತಾ ಉಂಟು."

"ಹೆಚ್ಚಾಗುದಾ? ಅದೇ ಮುಖ್ಯ! ಟ್ರೈಲರಿನ ಬ್ರೇಕಿಗೆ ಕೊಡಬೇಕು."

"ಯಾವ ಬ್ರೇಕಿಗೆ?" ಎಂದೆ ನಾನು.

ಅಳಿಯ ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತೆಂದು ನಾವು ಮೊಬೈಲನ್ನು ಅಲ್ಲಾಡಿಸಿದೆವು. ನೆಟ್‌ವರ್ಕ್ ಸರಿಯಾಗಿಯೇ ಇತ್ತು, ಹಿಂದೆ ಅವನ ಮನೆಯ ಫ್ಯಾನು ತಿರುಗುವುದು ಕಾಣುತ್ತಿತ್ತು.

ಆಮೇಲೆ ಅವನು ನಿಧಾನವಾಗಿ, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ಅಲ್ಲಿಯ ಟ್ರೈಲರಿನ ಚಕ್ರದ ಡ್ರಮ್ಮಿನೊಳಗೆ ಒಂದು ಕರೆಂಟಿನ ಅಯಸ್ಕಾಂತ ಇರುತ್ತದೆ. ನೀಲಿಯಲ್ಲಿ ಕರೆಂಟು ಬಂದ ಕೂಡಲೇ ಅದು ತಿರುಗುವ ಡ್ರಮ್ಮಿಗೆ ಅಂಟಿಕೊಳ್ಳಲು ಹೋಗಿ, ತನ್ನ ಜೊತೆಗೊಂದು ಸಣ್ಣ ಕೈಯನ್ನು ಎಳೆಯುತ್ತದೆ. ಆ ಕೈ ಬ್ರೇಕಿನ ಶೂಗಳನ್ನು ಅಗಲಿಸುತ್ತದೆ, ಚಕ್ರ ನಿಲ್ಲುತ್ತದೆ. ಡಬ್ಬಿ ಹೇಳುವ ಯಜಮಾನ ಮಾತ್ರ, ಮಾಡುವ ಆಳು ಡ್ರಮ್ಮಿನಲ್ಲಿ ಇರಬೇಕು. "ಟ್ರೈಲರಿಗೆ ಬ್ರೇಕು ಇರ್ತದೆ ಅಂತಲೇ ನಾನು ತಿಳಿದದ್ದು ಮಾವ. ಇಲ್ಲದವರೂ ಇರ್ತಾರೆ ಅಂತ ನನಗೆ ಹೊಳೆಯಲೇ ಇಲ್ಲ."

ಬೆಳಗ್ಗೆ ನಾನೂ ಪಂಪಣ್ಣನೂ ಟ್ರೈಲರಿನ ಒಂದು ಚಕ್ರ ಬಿಚ್ಚಿ ಡ್ರಮ್ಮು ತೆಗೆದು ನೋಡಿದೆವು. ಹಳೆ ಜೀಪಿನ ಆಕ್ಸಿಲಲ್ಲವೇ, ಏನಾದರೂ ಉಳಿದಿರಬಹುದೆಂಬ ಆಸೆ. ಶೂ ಇರಬೇಕಾದ ಜಾಗದಲ್ಲಿ ಎರಡು ಖಾಲಿ ಮೊಳೆ. ಬೇಡದ ಭಾರವೆಂದು ವೆಲ್ಡಿಂಗಿನವನು ಕಳಚಿ ಗುಜರಿಗೆ ಹಾಕಿದ್ದು, ಹಾಕುವ ಮೊದಲು ನನ್ನನ್ನು ಕೇಳಿದ್ದು, ನಾನು ಮೊಬೈಲಿನಲ್ಲಿ ಅಡಿಕೆಯ ರೇಟು ವಿಚಾರಿಸುತ್ತಾ ಹೂಂ ಎಂದದ್ದು ಒಂದೊಂದಾಗಿ ನೆನಪಿಗೆ ಬಂತು. ಡ್ರಮ್ಮಿನ ಒಳಮೂಲೆಯಲ್ಲಿ ಕಣಜವೊಂದು ಕೆಂಪು ಮಣ್ಣಿನಲ್ಲಿ ಮೂರು ಕೋಣೆಯ ಗೂಡು ಕಟ್ಟಿತ್ತು. ಎರಡು ಕೋಣೆ ಮುಚ್ಚಿ, ಮೂರನೆಯದ್ದರ ಬಾಗಿಲಿಗೆ ಹಸಿ ಮಣ್ಣು ಮೆತ್ತುತ್ತಿತ್ತು. ನಾವಿಬ್ಬರೂ ಸ್ವಲ್ಪ ಹೊತ್ತು ಅದರ ಕೆಲಸ ನೋಡಿ, ಡ್ರಮ್ಮನ್ನು ಹಾಗೇ ವಾಪಸು ಇಟ್ಟೆವು.

ಅಯಸ್ಕಾಂತದ ಬ್ರೇಕಿನ ಸೆಟ್ಟನ್ನೂ ಮುಂದಿನ ಸಲ ಕಳಿಸುತ್ತೇನೆಂದು ಅಳಿಯ ಮೆಸೇಜು ಹಾಕಿದ್ದ. ಹೆಂಡತಿ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು, ಅದರ ಭಾರಕ್ಕೆ ಬಾದಾಮಿಯೇ ಕಳಿಸು ಎಂದು ಉತ್ತರ ಬರೆದಳು.

ಪಂಪಣ್ಣನಿಗೆ ಮಾತ್ರ ನೀಲಿ ವಯರು ಎಲ್ಲಿಗೂ ಮುಟ್ಟದೆ ನೇತಾಡುವುದು ಸಹಿಸಲಿಲ್ಲ. ಮೂರು ದಿನದ ಕೆಲಸದಲ್ಲಿ ಒಂದು ವಯರು ಉಳಿಯಿತೆಂದರೆ ನಾಳೆ ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ? ಟ್ರೈಲರಿನ ಸುತ್ತ ಎರಡು ಸುತ್ತು ಬಂದ. ಹುಡುಗ ನಿನ್ನೆ ಹಲಸಿನ ಮರದ ಹತ್ತಿರದಿಂದ ಕಲ್ಲನ್ನು ಹೊತ್ತು ತಂದು ಚಕ್ರದ ಪಕ್ಕ ಇಟ್ಟಿದ್ದ, ಈ ಸಲ ಮಾತ್ರ ಬಿಟ್ಟು ಬರಲಿಲ್ಲ. ಪಂಪಣ್ಣ ಕುಕ್ಕರುಗಾಲಿನಲ್ಲಿ ಕುಳಿತು ನೀಲಿ ವಯರನ್ನು ಆ ಕಲ್ಲಿಗೆ ಅಡ್ಡಕ್ಕೆ ಎರಡು ಸುತ್ತು, ಉದ್ದಕ್ಕೆ ಎರಡು ಸುತ್ತು ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಎಳೆದು ಗಂಟು ಹಾಕಿ, ಮೇಲಿನಿಂದ ಟೇಪು ಸುತ್ತಿದ. ಕಲ್ಲು ಎತ್ತಿ ಎಸೆದು ನೋಡಿದ. ವಯರು ಬಿಗಿಯಾಗಿ ಹಿಡಿಯಿತು. "ನೋಡಿ ಅಣ್ಣೇರೆ," ಎಂದ, "ಪುಸ್ತಕದಲ್ಲಿ ಹೇಳಿದ ಹಾಗೆ ನೀಲಿ ಬ್ರೇಕಿಗೇ ಕೊಟ್ಟದ್ದು."

ನಾನು ಕೀ ತಿರುಗಿಸಿ ನೋಡಿದೆ. ಎನ್ ಸಿ.

ಅಷ್ಟರಲ್ಲಿ ಹೆಂಡತಿ ಚಾ ತಂದಳು. ಲೋಟಗಳನ್ನು ಟ್ರೈಲರಿನ ಅಂಚಿನಲ್ಲಿಟ್ಟು, ನೆಲದಲ್ಲಿ ಟೇಪು ಸುತ್ತಿಕೊಂಡು ಮಲಗಿದ್ದ ಕಲ್ಲನ್ನು ಬಗ್ಗಿ ನೋಡಿದಳು. ಕಾಲಿನ ಹೆಬ್ಬೆರಳಿನಿಂದ ಮಗುಚಿ ಇನ್ನೊಂದು ಬದಿಯನ್ನೂ ನೋಡಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಪಂಪಣ್ಣನನ್ನು, ಹುಡುಗನನ್ನು, ಕೊನೆಗೆ ನನ್ನನ್ನು ನೋಡಿದಳು.

"ಚಾ ಕುಡಿದು ಅದನ್ನು ಬಿಚ್ಚಿ ಕೊಡಿ" ಎಂದಳು. "ಸೊಳೆ ತೇಲಿ ನಾಲ್ಕು ದಿನ ಆಯಿತು."